ಶಿವಾರಪಟ್ಟಣಕ್ಕೆ ಕಲ್ಲಿನ ವಿಗ್ರಹದ ಲೋಡಿಗೆ ಬರುವ ಲಾರಿಯವರಿಗೆ

ಮಾಲೀಕರೇ, ಡ್ರೈವರಣ್ಣಂದಿರೇ, ಕ್ಲೀನರ್ ಹುಡುಗರೇ,

ಹೋದ ತಿಂಗಳು ಒಂದು ಬೆಳಿಗ್ಗೆ ಹತ್ತು ಗಾಲಿಯ ಲಾರಿಯೊಂದು ನನ್ನ ಅಂಗಡಿ ಮುಂದೆ ಬಂದು ನಿಂತಿತು. ಹಿಂದೆ ಭತ್ತದ ಹುಲ್ಲು ಹಾಸಿತ್ತು, ವಿಗ್ರಹ ಇನ್ನೂ ಏರಿರಲಿಲ್ಲ. ಕ್ಲೀನರ್ ಹುಡುಗ ಧುಮುಕಿ ಬಂದವನೇ ಪ್ಲಾಸ್ಟಿಕ್ ಪೊಟ್ಟಣವೊಂದನ್ನು ನನ್ನ ಕೈಗಿಟ್ಟ. ಒಳಗೆ ಗಾಜಿನ ಮಣಿ. ಅಂಗೈಗೆ ಸುರಿದುಕೊಂಡರೆ ರಾಗಿಗಿಂತ ಸಣ್ಣದು, ಬೆರಳ ಸಂದಿಯಲ್ಲಿ ನೀರಿನ ಹಾಗೆ ಜಾರುತ್ತಿತ್ತು.

“ಅಣ್ಣಾ, ಇದನ್ನ ಮುಂದಿನ ಎರಡು ಟೈರಿಗೂ ಅರ್ಧರ್ಧ ಹಾಕ್ಬಿಡು. ವಾಬ್ಲಿಂಗ್ ಹೋಗ್ತದಂತೆ.”

ಡ್ರೈವರ್ ಕ್ಯಾಬಿನ್ನಿನಲ್ಲೇ ಕೂತು ದನಿ ಸೇರಿಸಿದ: “ಹಳೇ ರಸ್ತೇಲಿ ಏನೂ ಇರ್ಲಿಲ್ಲ. ಹೊಸ ರೋಡಲ್ಲಿ 70 ದಾಟಿದ್ರೆ ಸ್ಟೇರಿಂಗು ಕೈಯಲ್ಲಿ ನಿಲ್ಲಲ್ಲ.”

ಈ ಮಾತನ್ನು ಇತ್ತೀಚೆಗೆ ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ಒಬ್ಬೊಬ್ಬರಿಗೂ ಜಾಕ್ ಕೊಡುತ್ತಾ ಅದೇ ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ನಿಮ್ಮಲ್ಲಿ ಅರ್ಧ ಜನ ಪೂರ್ತಿ ಕೇಳುವ ಮೊದಲೇ “ಲೋಡ್ ರೆಡಿ ಐತೆ” ಅಂತ ಹೊರಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಟೀ ಅಂಗಡಿಯಲ್ಲಿ ಕೂತು ಓದಿ. ಓದು ಬಾರದ ಕ್ಲೀನರಿಗೆ ಡ್ರೈವರ್ ಓದಿ ಹೇಳಲಿ.

ನಾನು ಯಾರೆಂದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ನಮ್ಮಪ್ಪ ಉಳಿ ಹಿಡಿದವರು, ನನಗೆ ಆ ಕೈ ಕೂಡಲಿಲ್ಲ, ಟೈರ್ ಲಿವರ್ ಹಿಡಿದೆ. ಕಲ್ಲು ಕೊಳ್ಳುವಾಗ ಅಪ್ಪ ಸುತ್ತಿಗೆಯಿಂದ ಒಂದು ಸಲ ತಟ್ಟಿ ತಲೆ ಓರೆ ಮಾಡಿ ಕೇಳುತ್ತಿದ್ದರು. ಗಂಟೆಯ ಹಾಗೆ ನಾದ ಬಂದರೆ ಕಲ್ಲು ಗಟ್ಟಿ, ಬೊದ್ದೆಂದರೆ ಒಳಗೆಲ್ಲೋ ಸೀಳು. ನಮ್ಮ ಕ್ಲೀನರುಗಳು ಢಾಬಾ ಮುಂದೆ ರಾಡಿನಿಂದ ಹತ್ತೂ ಟೈರು ತಟ್ಟಿಕೊಂಡು ಬರುತ್ತಾರಲ್ಲ, ಅದೂ ಇದೇ ವಿದ್ಯೆ. ಈಗ ಗೇಜು ಇದೆ, ಆದರೂ ಕಿವಿ ಬಿಡಬೇಡಿ ಅಂತಲೇ ನಾನು ಹೇಳೋದು.

ಈಗ ನಡುಕದ ವಿಷಯ. 2024ರ ಡಿಸೆಂಬರಿನಲ್ಲಿ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ನಮ್ಮ ಭಾಗ, ಹೊಸಕೋಟೆಯಿಂದ ಮಾಲೂರಿನ ಮೇಲೆ ಬೇತಮಂಗಲದವರೆಗೆ, ಓಡಾಟಕ್ಕೆ ತೆರೆದುಕೊಂಡಿತು. ಅಲ್ಲಿಯತನಕ ಟೇಕಲ್ ಕಡೆಯ ಜಲ್ಲಿ ಟಿಪ್ಪರು, ಮಾಲೂರಿನ ಇಟ್ಟಿಗೆ ಲಾರಿ, ನಮ್ಮೂರಿನ ವಿಗ್ರಹದ ಲಾರಿ ಎಲ್ಲವೂ ಗುಂಡಿ ತಪ್ಪಿಸಿಕೊಂಡು 40ರಲ್ಲಿ ಹೋಗುತ್ತಿದ್ದವು. ಆ ರಸ್ತೆಯಲ್ಲಿ ಎಲ್ಲವೂ ನಡುಗುತ್ತದೆ, ಹಾಗಾಗಿ ಟೈರಿನದು ಯಾವುದು, ರಸ್ತೆಯದು ಯಾವುದು ಅಂತ ತಿಳಿಯುತ್ತಿರಲಿಲ್ಲ. ಹೊಸ ರಸ್ತೆ ಗಾಜಿನ ಹಾಗಿದೆ. ನೀವು ಗವರ್ನರ್ ಬಿಡುವಷ್ಟಕ್ಕೂ, ಅಂದರೆ 80ಕ್ಕೆ, ಒತ್ತುತ್ತೀರಿ. ಟೈರು ಮೊದಲಿದ್ದ ಹಾಗೇ ಇದೆ, ಬದಲಾದದ್ದು ವೇಗ ಮಾತ್ರ.

ಲೆಕ್ಕ ಹೇಳುತ್ತೇನೆ, ಸಣ್ಣದು. ನಿಮ್ಮ 10.00–20 ಟೈರಿನ ನಡುವಿನಿಂದ ನೆಲಕ್ಕೆ ಅರ್ಧ ಮೀಟರ್ ದೂರ. ಟೈರಿನ ಹೊರಮೈಯಲ್ಲಿ ಒಂದು ಕಡೆ 100 ಗ್ರಾಂ ಹೆಚ್ಚಿಗೆ ತೂಕ ಇದೆ ಅಂದುಕೊಳ್ಳಿ. ನೂರು ಗ್ರಾಂ ಅಂದರೆ ಎರಡು ಕೋಳಿಮೊಟ್ಟೆ. 40ರಲ್ಲಿ ಹೋಗುವಾಗ ಆ ಎರಡು ಮೊಟ್ಟೆ ಹೆಚ್ಚುಕಮ್ಮಿ ಎರಡೂವರೆ ಕೆಜಿ ತೂಕದಷ್ಟು ಬಲದಲ್ಲಿ ಚಕ್ರವನ್ನು ಹೊರಕ್ಕೆ ಎಳೆಯುತ್ತವೆ. 80ರಲ್ಲಿ ಐದು ಕೆಜಿ ಆಗಬೇಕಿತ್ತು ಅಂತೀರಿ ಅಲ್ಲವೇ? ಇಲ್ಲ, 10 ಕೆಜಿ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಅದೂ ಒಂದು ಸಲವಲ್ಲ, ಸೆಕೆಂಡಿಗೆ ಏಳು ಸಲ. 10 ಕೆಜಿ ಭಾರವೊಂದು ಸೆಕೆಂಡಿಗೆ ಏಳು ಸಲ ಹಬ್ಬನ್ನು ಎಳೆದಾಡಿದರೆ ಸ್ಟೇರಿಂಗು ಸುಮ್ಮನಿರುತ್ತದೆಯೇ?

ನಮ್ಮೂರಿನ ಶಿಲ್ಪಿಗಳಿಗೆ ಈ ಲೆಕ್ಕ ಬೇಕಿಲ್ಲ. ಗ್ರೈಂಡರಿನ ಬ್ಲೇಡು ಒಂದು ಮೂಲೆಯಲ್ಲಿ ಚಕ್ಕೆ ಎದ್ದಿದ್ದರೆ ಸ್ವಿಚ್ ಒತ್ತಿದ ಕೂಡಲೇ ಮೊಣಕೈತನಕ ಜೋಮು ಹಿಡಿಯುತ್ತದೆ. ಅವರು ತಕ್ಷಣ ಬ್ಲೇಡು ಬಿಚ್ಚಿ ಎಸೆಯುತ್ತಾರೆ. ನೀವು ಮಾತ್ರ ಅದೇ ಜೋಮು ಹಿಡಿದುಕೊಂಡು ಚಿತ್ತೂರಿನವರೆಗೆ ಹೋಗುತ್ತೀರಿ.

ಹೆಚ್ಚಿನ ತೂಕ ಎಲ್ಲಿಂದ ಬರುತ್ತದೆ ಅಂತ ಕೇಳುವವರಿಗೆ: ಟೈರೊಂದೇ 50 ಕೆಜಿಗೆ ಮೇಲಿರುತ್ತದೆ. ರಬ್ಬರಿನ ಪಟ್ಟಿ ಸುತ್ತಿ ಕೂಡಿಸಿದ ಕಡೆ ಒಂದು ಪದರ ದಪ್ಪ. ಟ್ಯೂಬಿನ ವಾಲ್ವಿನ ಕಡೆ ಭಾರ. ಫ್ಲಾಪು ಮಡಿಸಿಕೊಂಡು ಕೂತರೆ ಅಲ್ಲೊಂದಿಷ್ಟು. ಸವೆದ ಟೈರಿಗೆ ಹೊಸ ರಬ್ಬರು ಹಚ್ಚಿಸಿ ರೀಬಟನ್ ಮಾಡಿಸಿದ್ದರಂತೂ ಕೇಳುವುದೇ ಬೇಡ. ಡಿಸ್ಕಿಗೆ ವೆಲ್ಡಿಂಗ್ ಮಾಡಿಸಿದವರೂ ನಿಮ್ಮಲ್ಲಿ ಇದ್ದೀರಿ, ನನಗೆ ಗೊತ್ತು. (ಟೈರು ಹಾಕಿದ ಡಿಸ್ಕಿಗೆ, ಗಾಳಿ ಬಿಟ್ಟಿದ್ದರೂ ಸರಿ, ವೆಲ್ಡಿಂಗ್ ಹಚ್ಚಬೇಡಿ. ಒಳಗಿನದು ಕಾದು ಸಿಡಿದರೆ ಹುಡುಗ ಉಳಿಯುವುದಿಲ್ಲ.) ಹೊಸ ಟೈರಿನ ಪಕ್ಕದಲ್ಲಿ ಒಂದೊಂದು ಸಲ ಹಳದಿ ಚುಕ್ಕೆ ಇರುತ್ತದೆ. ಕಂಪನಿಯವರು ಅಂದಕ್ಕೆ ಇಟ್ಟದ್ದಲ್ಲ. ಅದು ಟೈರಿನ ಹಗುರ ಜಾಗ. ಅದನ್ನು ವಾಲ್ವಿನ ನೇರಕ್ಕೆ ಕೂರಿಸಿದರೆ ವಾಲ್ವಿನ ಭಾರಕ್ಕೆ ಅದು ಸರಿದೂಗುತ್ತದೆ. ಖರ್ಚಿಲ್ಲದ ಕೆಲಸ. ಮಾಡುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ.

ಕಾರಿನವರು ಹೊಸ ಟೈರು ಹಾಕಿಸಿದರೆ ಬ್ಯಾಲೆನ್ಸಿಂಗ್ ಮಾಡಿಸದೆ ಅಂಗಡಿ ಬಿಡುವುದಿಲ್ಲ. ಲಾರಿಯವರು ಬ್ಯಾಲೆನ್ಸಿಂಗ್ ಕೇಳಿದ್ದು ನನ್ನ ಅನುಭವದಲ್ಲಿ ಕೈಬೆರಳೆಣಿಕೆ. ನಿಮ್ಮ ತಪ್ಪೊಂದೇ ಅಲ್ಲ. ಟೈರು, ಟ್ಯೂಬು, ಡಿಸ್ಕ್ ಸೇರಿ ಒಂದು ಕ್ವಿಂಟಾಲಿನ ಹತ್ತಿರ ತೂಗುವ ಚಕ್ರವನ್ನು ಎತ್ತಿ ತಿರುಗಿಸುವ ಯಂತ್ರ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ನನ್ನಲ್ಲೂ ಇಲ್ಲ. ಯಂತ್ರದಲ್ಲಿ ಮಾಡಿಸಿ ರಿಮ್ಮಿನ ಅಂಚಿಗೆ ಸೀಸದ ತುಂಡು ಬಡಿಸಿಕೊಂಡು ಬಂದರೂ ಒಂದು ಗುಂಡಿಗೆ ಅದು ಹಾರಿಹೋಗುತ್ತದೆ. ಇನ್ನು ಟೈರು ಸವೆದ ಹಾಗೆ ಭಾರದ ಜಾಗವೂ ಸರಿಯುತ್ತದೆ. ಇವತ್ತು ಹೊಡೆದ ಸೀಸ ಆರು ತಿಂಗಳಿಗೆ ಸುಳ್ಳಾಗುತ್ತದೆ.

ಈ ತಾಪತ್ರಯ ನಮ್ಮೊಬ್ಬರದೇ ಅಲ್ಲ. ಅಮೆರಿಕ, ಕೆನಡಾದ ದೊಡ್ಡ ಲಾರಿಯವರೂ ಇದರಿಂದ ರೋಸಿಹೋಗಿಯೇ ಟೈರಿನ ಒಳಗೆ ಏನಾದರೂ ಹಾಕುವ ದಾರಿ ಹುಡುಕಿದರು. ಗಾಲ್ಫ್ ಚೆಂಡು ಹಾಕಿದವರಿದ್ದಾರೆ, ರೇಡಿಯೇಟರಿನ ಕೂಲೆಂಟ್ ಸುರಿದವರಿದ್ದಾರೆ. ಆಮೇಲೆ ಅದಕ್ಕೆಂದೇ ಮಾಡಿದ ಸರಕು ಬಂತು. ಕೆನಡಾದ ಕೌಂಟರ್ಯಾಕ್ಟ್‌ನವರದು ಗಾಜಿನ ಮಣಿ, ಈಕ್ವಲ್ ಅನ್ನುವುದು ಪುಡಿ, ರೈಡ್‌-ಆನ್ ಅನ್ನುವುದು ಅಂಬಲಿಯ ಹಾಗಿನ ದ್ರವ. ಸೆಂಟ್ರಮ್ಯಾಟಿಕ್ ಅಂತ ಇನ್ನೊಂದಿದೆ, ಅದನ್ನು ಟೈರಿನೊಳಗೆ ಹಾಕುವುದಿಲ್ಲ, ಉಕ್ಕಿನ ಗುಂಡು ತುಂಬಿದ ಬಳೆಯನ್ನು ಚಕ್ರದ ಹಿಂದೆ ಬಿಗಿಯುತ್ತಾರೆ. ಪೊಟ್ಟಣ ತಂದ ಆ ಕ್ಲೀನರ್ ಹುಡುಗ ಇದನ್ನೆಲ್ಲ ಕೇಳಿ, “ಅದಕ್ಯಾಕಣ್ಣ ಅಷ್ಟು ದುಡ್ಡು, ಎರಡು ಹಿಡಿ ರಾಗಿ ಹಾಕಿದ್ರಾಗಲ್ವಾ?” ಅಂದ. ಕೋಲಾರ ಜಿಲ್ಲೆಯವನೇ ಅಂತ ಕೇಳಬೇಕಾಗಲಿಲ್ಲ. ಆಗಲ್ಲ ಮಗನೇ. ಸಾವಿರ ಕಿಲೋಮೀಟರಿಗೆ ಒಳಗೆ ಹಿಟ್ಟಾಗಿ, ಬಿಸಿಗೆ ಬೆವೆತು ಮುದ್ದೆಯಾಗಿ ಒಂದೇ ಕಡೆ ಅಂಟಿಕೊಂಡಿರುತ್ತದೆ.

ಮಣಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ತಿಳಿಯಲು ಮನೆಯ ವಾಷಿಂಗ್ ಮೆಷಿನ್ ನೋಡಿ. ಮೇಲಿನಿಂದ ಬಟ್ಟೆ ಹಾಕುವ ಮೆಷಿನ್ನು. ಖಾಲಿ ಇದ್ದಾಗ ಒಳಗಿನ ಡ್ರಮ್ಮನ್ನು ಕೈಯಲ್ಲಿ ಅಲ್ಲಾಡಿಸಿದರೆ ಗುಳುಗುಳು ಅನ್ನುತ್ತದೆ. ಕೆಟ್ಟಿದೆ ಅಂತ ಮೆಕ್ಯಾನಿಕ್ಕನ್ನು ಕರೆಸಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಕೆಟ್ಟಿಲ್ಲ. ಡ್ರಮ್ಮಿನ ಮೇಲಂಚಿನ ಬಳೆಯೊಳಗೆ ಉಪ್ಪುನೀರು ತುಂಬಿಸಿರುತ್ತಾರೆ. ಬಟ್ಟೆ ಒಂದು ಕಡೆ ಗುಡ್ಡೆಯಾದರೆ ನೀರು ಎದುರು ಕಡೆಗೆ ಸರಿದು ತೂಕ ಸಮ ಮಾಡುತ್ತದೆ. ಆದರೆ ಒಂದು ಗಮನಿಸಿ. ಬಟ್ಟೆ ಹಿಂಡಲು ಶುರು ಮಾಡಿದಾಗ ಮೆಷಿನ್ನು ಮೊದಲು ಧಡಧಡ ಕುಣಿಯುತ್ತದೆ, ವೇಗ ಏರಿದ ಮೇಲೆ ತಣ್ಣಗಾಗುತ್ತದೆ. ಗುಟ್ಟೆಲ್ಲ ಅಲ್ಲೇ ಇರುವುದು. ತೂಗಾಡುವ ಪ್ರತಿಯೊಂದಕ್ಕೂ ತನ್ನದೇ ಒಂದು ತಾಳ ಇರುತ್ತದೆ, ಉಯ್ಯಾಲೆಗಿದ್ದ ಹಾಗೆ. ತಿರುಗುವ ವೇಗ ಆ ತಾಳಕ್ಕಿಂತ ಕಡಿಮೆ ಇದ್ದಾಗ ಒಳಗಿನ ನೀರು, ಮಣಿ ಭಾರದ ಕಡೆಗೇ ಹೋಗಿ ಸೇರುತ್ತವೆ, ಅಂದರೆ ಗಾಯಕ್ಕೆ ಉಪ್ಪು. ವೇಗ ಆ ತಾಳವನ್ನು ದಾಟಿದ ಮೇಲೆ ಎದುರು ಕಡೆಗೆ, ಹಗುರ ಕಡೆಗೆ, ಸರಿಯುತ್ತವೆ.

ಟೈರಿನಲ್ಲೂ ಹೀಗೇ ಆಗುತ್ತದೆ ಅನ್ನುವುದು ಮಣಿ ಮಾರುವವರ ಮಾತು. ಲಾರಿ ನಿಂತಾಗ ಮಣಿ ಟೈರಿನ ತಳದಲ್ಲಿ ರಾಶಿ ಬಿದ್ದಿರುತ್ತದೆ. ಹೊರಟಾಗ ಉರುಳಾಡುತ್ತದೆ. ಸುಮಾರು 8 ಕಿಲೋಮೀಟರ್ ವೇಗ ದಾಟಿತೆಂದರೆ ತಿರುಗುವ ಎಳೆತ ಅದರ ತೂಕವನ್ನು ಮೀರಿ ಒಳಮೈಗೆ ಅಂಟಿಕೊಳ್ಳುತ್ತದೆ, ಮೇಲೆ ಬಂದಾಗಲೂ ಬೀಳುವುದಿಲ್ಲ. 80ರಲ್ಲಿ ಅದರ ತೂಕದ ನೂರರಷ್ಟು ಬಲದಲ್ಲಿ ಒತ್ತಿಕೊಂಡಿರುತ್ತದೆ. ಚಕ್ರ ಕುಪ್ಪಳಿಸಿದಾಗಲೆಲ್ಲ ಚೂರುಚೂರೇ ಜಾರಿ ಹಗುರ ಕಡೆಗೆ ಸೇರಿಕೊಳ್ಳುತ್ತದೆ ಎನ್ನುತ್ತಾರೆ. ಆದರೆ ಲಾರಿಯ ಆಕ್ಸಲ್ಲು ವಾಷಿಂಗ್ ಮೆಷಿನ್ನಿನ ಡ್ರಮ್ಮಿನ ಹಾಗೆ ಸಡಿಲವಾಗಿ ತೂಗುಬಿದ್ದಿಲ್ಲ. ಮೇಲೆ ಪಾಟಾ ಸ್ಪ್ರಿಂಗು ಬಿಗಿದಿದೆ, ಕೆಳಗೆ ಗಾಳಿ ತುಂಬಿದ ಟೈರು ನೆಲ ಒತ್ತಿದೆ. ಅದರ ತಾಳ ನಮ್ಮ ಲಾರಿಯ ವೇಗಕ್ಕಿಂತ ಮೇಲೇ ಇರಬಹುದು, ಹಾಗಿದ್ದರೆ ಮಣಿ ಸರಿಯಾದ ಕಡೆಗೆ ಹೋಗುತ್ತದೆಂದು ಹೇಗೆ ನಂಬುವುದು ಎಂದು ಕೇಳುವ ಎಂಜಿನಿಯರುಗಳೂ ಇದ್ದಾರೆ. ಅವರ ಪ್ರಶ್ನೆ ನ್ಯಾಯವಾದದ್ದು ಅಂತ ನನಗನ್ನಿಸುತ್ತದೆ. ಇನ್ನೊಂದು ಕಡೆ, ಹಾಕಿಸಿಕೊಂಡ ಡ್ರೈವರುಗಳು ಟೈರು ಸಮನಾಗಿ ಸವೆಯಿತು ಅಂತ ಆಣೆ ಹಾಕುತ್ತಾರೆ. ನಾನು ಎರಡೂ ಕಂಡಿದ್ದೇನೆ. ಕೆಲವು ಗಾಡಿಯಲ್ಲಿ ನಡುಕ ಇಳಿದಿದೆ, ಕೆಲವಕ್ಕೆ ಏನೂ ಆಗಲಿಲ್ಲ.

ಒಂದು ತಪ್ಪು ತಿಳಿವಳಿಕೆ ಮಾತ್ರ ಬಿಡಿ. ಒಂದು ಟೈರಿಗೆ ಸುಮಾರು 300 ಗ್ರಾಂ ಮಣಿ ಹಾಕುತ್ತಾರೆ ಅಂದುಕೊಳ್ಳಿ, ಹಾಗಂತ 300 ಗ್ರಾಂ ದೋಷ ಸರಿಹೋಗುವುದಿಲ್ಲ. ಮಣಿ ಒಂದೇ ಬಿಂದುವಿನಲ್ಲಿ ಕೂರುವುದಿಲ್ಲ, ಹರಡಿಕೊಂಡಿರುತ್ತದೆ. ಸಣ್ಣಪುಟ್ಟ ದೋಷಕ್ಕಷ್ಟೇ ಅದರ ಕೈ.

ಈಗ ನನ್ನ ತಪ್ಪಿನ ಕಥೆ. ಕೆಲವು ವರ್ಷದ ಹಿಂದೆ ಸರಕು ಮಾರಲು ಬಂದವನೊಬ್ಬ ಪುಡಿಯ ಪೊಟ್ಟಣ ಕೊಟ್ಟು, “ಟ್ಯೂಬಿಗೂ ಆಗುತ್ತೆ, ಟ್ಯೂಬ್‌ಲೆಸ್ಸಿಗೂ ಆಗುತ್ತೆ” ಅಂದ. ಯಾವ ಸರಕು, ಯಾರವನು ಅನ್ನುವುದು ಈಗ ಬೇಡ. ನಂಬಿದೆ. ಶ್ರೀನಿವಾಸಪುರದ ಮಾವಿನ ಸೀಸನ್ನಿಗೆ ಹೊರಟಿದ್ದ ಲಾರಿಯೊಂದರ ಮುಂದಿನ ಎರಡು ಟ್ಯೂಬಿಗೆ ವಾಲ್ವ್ ಪಿನ್ನು ಬಿಚ್ಚಿ ಪುಡಿ ಇಳಿಸಿ 120 ಪೌಂಡ್ ಗಾಳಿ ಹೊಡೆದೆ. ಮೇ ತಿಂಗಳು, ಒಂದೆರಡು ಮಳೆ ಬಿದ್ದಿತ್ತು. ಕಂಪ್ರೆಸರಿನ ಟ್ಯಾಂಕಿನಿಂದ ಆ ವಾರ ನೀರು ಬಸಿದಿರಲಿಲ್ಲ. ಹದಿನೈದು ದಿನಕ್ಕೆ ಲಾರಿ ವಾಪಸು ಬಂತು, ಮೊದಲಿಗಿಂತ ಹೆಚ್ಚು ನಡುಕ. ಟ್ಯೂಬು ಕೊಯ್ದು ನೋಡಿದರೆ ಒಳಗೆ ಪುಡಿಯೆಲ್ಲ ನೆನೆದ ಸಕ್ಕರೆಯ ಹಾಗೆ ಗಡ್ಡೆ ಕಟ್ಟಿ ಒಂದೇ ಕಡೆ ಮೆತ್ತಿಕೊಂಡಿತ್ತು. ಉಗುರಿನಲ್ಲಿ ಕೆರೆದರೂ ಬರಲಿಲ್ಲ. ಇನ್ನೊಂದು ಟ್ಯೂಬಿನದು ವಾಲ್ವಿಗೇ ಸಿಕ್ಕಿಕೊಂಡು ಪಿನ್ನು ಪೂರ್ತಿ ಮುಚ್ಚದೆ ದಿನಕ್ಕಿಷ್ಟು ಗಾಳಿ ಇಳಿಯುತ್ತಿತ್ತು. ಎರಡು ಹೊಸ ಟ್ಯೂಬಿನ ದುಡ್ಡು ನಾನೇ ಹಾಕಿದೆ. ಅವತ್ತಿನಿಂದ ಟ್ಯೂಬಿಗೆ ನಾನು ಏನೂ ಹಾಕುವುದಿಲ್ಲ. ಟ್ಯೂಬ್‌ಲೆಸ್ಸಿಗೆ ಹಾಕುವುದಿದ್ದರೆ ಜರಡಿ ಇರುವ ವಾಲ್ವ್ ಪಿನ್ನು ಇರಬೇಕು, ಮಣಿ ಗಾಜಿನದಿರಬೇಕು, ಪುಡಿ ಬೇಡ, ಗಾಳಿ ಒಣಗಿರಬೇಕು. ನಿಮಗೆ ಗಾಳಿ ಹೊಡೆಯುವ ಅಂಗಡಿಯವನನ್ನು ಕೇಳಿ: ಟ್ಯಾಂಕಿನ ನೀರು ಯಾವತ್ತು ಬಿಟ್ಟೆ? ಉತ್ತರ ಕೊಡುವ ಮೊದಲು ಅವನು ಮೇಲೆ ನೋಡಿದರೆ ಬೇರೆ ಕಡೆ ಹೋಗಿ.

ದ್ರವದ ಬಗ್ಗೆ ನನಗೆ ಇನ್ನೂ ಕಡಿಮೆ ಮಮತೆ. ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ನೀರು ತುಂಬಿಸುವುದನ್ನು ನೋಡಿ, ಲಾರಿಗೂ ಆಗುತ್ತದೆ ಅಂದುಕೊಂಡವರಿದ್ದಾರೆ. ಟ್ರ್ಯಾಕ್ಟರಿಗೆ ನೀರು ತುಂಬಿಸುವುದು ಉಳುವಾಗ ಗಾಲಿ ಜಾರದಿರಲಿ ಅಂತ, ಭಾರಕ್ಕೆ. ಅದಕ್ಕೂ ಬ್ಯಾಲೆನ್ಸಿಗೂ ಸಂಬಂಧವಿಲ್ಲ. ಲಾರಿಯ ಟೈರಿಗೆ ನೀರು ಬಿದ್ದರೆ ಡಿಸ್ಕು ತುಕ್ಕು ಹಿಡಿಯುತ್ತದೆ, ರೇಡಿಯಲ್ ಆಗಿದ್ದರೆ ಒಳಪದರದ ಸೀಳಿನಲ್ಲಿ ಇಳಿದು ಉಕ್ಕಿನ ತಂತಿಗೂ ತುಕ್ಕು. ಪಂಕ್ಚರಿಗೂ ಆಗುತ್ತೆ ಬ್ಯಾಲೆನ್ಸಿಗೂ ಆಗುತ್ತೆ ಅನ್ನುವ ಅಂಬಲಿಯೂ ಇದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಅದು ತಳಕ್ಕಿಳಿದು ಬೆಳಿಗ್ಗೆ ಸ್ವಲ್ಪ ದೂರ ತಾನೇ ನಡುಗಿಸುತ್ತದೆ. ಹಾಕಿಸಿದ್ದರೆ ರೀಬಟನ್‌ಗೆ ಕೊಡುವಾಗ ದಯವಿಟ್ಟು ಬಾಯಿ ಬಿಟ್ಟು ಹೇಳಿ. ಒಳಗೆ ತೇವ ಇದ್ದ ಟೈರನ್ನು ಬೇಯಿಸಿದರೆ ಪದರ ಹಿಡಿಯುವುದಿಲ್ಲ, ಆಮೇಲೆ ಬಟನ್ ಹಾಕಿದವನನ್ನು ಬೈಯುತ್ತೀರಿ.

ಇಷ್ಟೆಲ್ಲ ಹೇಳಿದ್ದು ಮಣಿ ಬೇಡ ಅನ್ನುವುದಕ್ಕಲ್ಲ. ಅದಕ್ಕೆ ಮೊದಲು ಮಾಡಬೇಕಾದದ್ದು ಬೇರೆ ಇದೆ ಅನ್ನುವುದಕ್ಕೆ. ನಡುಕ ಅನ್ನುವುದು ಟೈರಿನ ಬಾಯಿ. ಏನು ಹೇಳುತ್ತಿದೆ ಅಂತ ಕೇಳದೆ ಮಣಿ ತುರುಕಿ ಬಾಯಿ ಮುಚ್ಚಿಸಿದರೆ, ಒಳಗೆ ಪದರ ಬಿಟ್ಟುಕೊಂಡು ಉಬ್ಬುತ್ತಿರುವ ಟೈರು ಸದ್ದಿಲ್ಲದೆ ಒಂದು ದಿನ 80ರಲ್ಲಿ ಸಿಡಿಯುತ್ತದೆ. 2018ರಲ್ಲಿ ಸರ್ಕಾರ ಆಕ್ಸಲ್ ಲೋಡು ಏರಿಸಿದ ಮೇಲೆ ಮುಂದಿನ ಎರಡು ಟೈರಿನ ಮೇಲೆ 6 ಟನ್ ಇದ್ದದ್ದು 7 ಟನ್ ಆಯಿತು. ಹಿಂದೆ ಒಂದು ಟೈರು ಹೋದರೆ ಪಕ್ಕದ್ದು ಹಿಡಿಯುತ್ತದೆ. ಮುಂದೆ ಒಂದು ಹೋದರೆ ಹಿಡಿಯಲು ಯಾರೂ ಇಲ್ಲ.

ಅದಕ್ಕೆ ನಡುಕ ಯಾವಾಗ ಬರುತ್ತದೆ ಅಂತ ನೆನಪಿಟ್ಟುಕೊಂಡು ಬನ್ನಿ. 20–30ರಲ್ಲೇ ಎತ್ತಿ ಎತ್ತಿ ಹಾಕಿದರೆ ಅದು ತೂಕದ ದೋಷವಲ್ಲ, ಡಿಸ್ಕು ಸೊಟ್ಟಗಿದೆ ಅಥವಾ ಟೈರು ಉಬ್ಬಿದೆ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡ್ರಮ್ಮು. ಸೀಟು ನಡುಗಿ ಸ್ಟೇರಿಂಗು ಸುಮ್ಮನಿದ್ದರೆ ಹಿಂದಿನ ಗಾಲಿ. 60 ದಾಟಿದ ಮೇಲೆ ಶುರುವಾಗಿ ವೇಗದ ಜೊತೆ ಏರುತ್ತಾ ಹೋದರೆ ಮಾತ್ರ ಬ್ಯಾಲೆನ್ಸಿನ ಮೇಲೆ ಅನುಮಾನ. ಇನ್ನು ಟೈರಿನ ಮೇಲೆ ಅಂಗೈ ಎಳೆದು ನೋಡಿ, ಕಣ್ಣು ಬೇಡ. ಒಂದು ದಿಕ್ಕಿಗೆ ನಯವಾಗಿ, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ಹಿಡಿದರೆ ಅಲೈನ್‌ಮೆಂಟು. ಎರಡು ಅಂಚು ಸವೆದಿದ್ದರೆ ಗಾಳಿ ಕಡಿಮೆ. ಅಲ್ಲಲ್ಲಿ ಬಟ್ಟಲು ಬಟ್ಟಲಾಗಿ ಗುಳಿ ಬಿದ್ದಿದ್ದರೆ ಹಬ್ಬಿನ ಬೇರಿಂಗು, ಶಾಕು, ಇಲ್ಲವೇ ಬ್ಯಾಲೆನ್ಸು. ನಮ್ಮಪ್ಪ ವಿಗ್ರಹದ ಕೆನ್ನೆಯನ್ನು ಕಣ್ಣು ಮುಚ್ಚಿಕೊಂಡೇ ಸವರಿ ನೋಡುತ್ತಿದ್ದರು. ಕಣ್ಣು ಮೋಸ ಹೋಗುವ ಕಡೆ ಅಂಗೈ ಹೋಗುವುದಿಲ್ಲ.

ಆ ಹತ್ತು ಗಾಲಿಯ ಲಾರಿಗೆ ಬರೋಣ. ಪೊಟ್ಟಣವನ್ನು ಪಕ್ಕಕ್ಕಿಟ್ಟು ಎಡಗಡೆ ಜಾಕ್ ಕೊಟ್ಟೆ. ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರೆ ಕಟಕಟ ಅಂತ ಆಡುತ್ತಿತ್ತು. ಹುಡುಗನಿಗೆ ಬ್ರೇಕ್ ಒತ್ತು ಅಂದೆ. ಒತ್ತಿದಾಗ ಆಟ ನಿಂತಿತು. ಅಂದರೆ ಕಿಂಗ್ ಪಿನ್ನಲ್ಲ, ಬೇರಿಂಗು ಸಡಿಲ. ಹಬ್ ಕ್ಯಾಪು ಬಿಚ್ಚಿದರೆ ಗ್ರೀಸು ಕಾಡಿಗೆಯಾಗಿತ್ತು. ತೊಳೆದು, ಹೊಸ ಗ್ರೀಸು ತುಂಬಿ, ನಟ್ಟು ಹದಕ್ಕೆ ಬಿಗಿಸಿದ್ದಾಯಿತು. ಬಲಗಡೆ ಬೇರಿಂಗು ಚೆನ್ನಾಗಿತ್ತು. ಗಾಲಿ ತಿರುಗಿಸಿ ಟೈರಿನ ಬುಡದ ಗೆರೆಯ ಹತ್ತಿರ ಹಲಗೆಬಳಪ ಹಿಡಿದೆ. ಆ ಗೆರೆ ರಿಮ್ಮಿನ ಅಂಚಿಗೆ ಸುತ್ತಲೂ ಒಂದೇ ದೂರದಲ್ಲಿರಬೇಕು. ಒಂದು ಕಡೆ ಬಳಪ ತಾಕುತ್ತಿತ್ತು, ಎದುರು ಕಡೆ ಬೆರಳು ತೂರುವಷ್ಟು ಸಂದಿ. ಯಾರೋ ಅವಸರದಲ್ಲಿ ಕೂರಿಸಿದ ಟೈರು. ಸೊಟ್ಟ ಕೂತ ಟೈರಿಗೆ ಚಿನ್ನದ ಮಣಿ ಹಾಕಿದರೂ ಅದು ಮೊಟ್ಟೆಯಾಕಾರದಲ್ಲೇ ಉರುಳುತ್ತದೆ. ಗಾಳಿ ಪೂರ್ತಿ ಇಳಿಸಿ, ವಾಲ್ವ್ ಪಿನ್ನು ಕೈಗೆ ಬಂದ ಮೇಲೆ, ಲಾಕ್ ರಿಂಗು ಬಿಚ್ಚಿ, ಅಂಚಿನ ತುಕ್ಕು ಕೆರೆದು, ಸೋಪಿನ ನೀರು ಸವರಿ ಮತ್ತೆ ಕೂರಿಸಿದೆ. (ಗಾಳಿ ತುಂಬುವಾಗ ರಿಂಗಿನ ಎದುರಿಗೆ ಯಾರೂ ನಿಲ್ಲಬೇಡಿ, ಸುತ್ತಿಗೆಯಿಂದ ಬಡಿಯಬೇಡಿ. ಹಾರಿದ ರಿಂಗು ತಲೆ ಉಳಿಸುವುದಿಲ್ಲ.)

ಆಮೇಲೆ ಎರಡೂ ಗಾಲಿಯನ್ನು ಒಂದೊಂದಾಗಿ ಮೇಲೆತ್ತಿ, ಬ್ರೇಕ್ ಹಿಡಿಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮೆಲ್ಲಗೆ ತಿರುಗಿಸಿ ಬಿಟ್ಟೆ. ಭಾರದ ಕಡೆ ತಾನಾಗಿ ತಳಕ್ಕೆ ಬಂದು ನಿಲ್ಲುತ್ತದೆ. ಮೂರು ಸಲ ಬಿಟ್ಟರೂ ಬಲಗಡೆಯದು ಅದೇ ಜಾಗಕ್ಕೆ ಬಂದು ನಿಂತಿತು. ಅಲ್ಲೊಂದು ಬಳಪದ ಗೆರೆ ಎಳೆದೆ. ನೋಡಿದರೆ ವಾಲ್ವೂ ಅಲ್ಲೇ. ಟೈರಿನ ಭಾರ, ವಾಲ್ವಿನ ಭಾರ ಎರಡೂ ಒಂದೇ ಕಡೆ ಸೇರಿತ್ತು. ಟೈರನ್ನು ಡಿಸ್ಕಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದ ಮೇಲೆ ಗಾಲಿ ಎಲ್ಲಿ ಬಿಟ್ಟರೆ ಹೆಚ್ಚುಕಮ್ಮಿ ಅಲ್ಲೇ ನಿಂತಿತು. ಯಂತ್ರದಷ್ಟು ಕರಾರುವಾಕ್ಕಲ್ಲ, ಒಪ್ಪುತ್ತೇನೆ. ಆದರೂ ಎರಡು ಮೊಟ್ಟೆಯ ತೂಕದಲ್ಲಿ ಒಂದೂವರೆಯಾದರೂ ಇಳಿದಿರಬೇಕು.

ಇಷ್ಟಕ್ಕೆ ಮಧ್ಯಾಹ್ನವಾಯಿತು. ಮಾಲೀಕರು ಫೋನಿನಲ್ಲಿ, “ಮಣಿ ಹಾಕಿದ್ರೆ ಐದು ನಿಮಿಷದ ಕೆಲಸ ಅಲ್ವೇನಯ್ಯಾ?” ಅಂತ ರೇಗಿದರು. ಮಾಲೀಕರೇ, ಇದು ನಿಮಗೇ. ಗಾಡಿಯ ಹಣೆಗೆ ಬಣ್ಣ, ಹಾರನ್ನು, ಸುತ್ತ ಮಿಣುಕುದೀಪ ಇವಕ್ಕೆ ನೀವು ಕೈ ಬಿಚ್ಚುವುದನ್ನು ನಾನು ನೋಡಿದ್ದೇನೆ. ಮುಂದಿನ ಎರಡು ಗಾಲಿಗೆ ಅರ್ಧ ದಿನದ ಕೂಲಿ ಕೊಡುವಾಗ ಮಾತ್ರ ಡ್ರೈವರನ ಮುಖ ನೋಡುತ್ತೀರಿ, ಅವನೇ ನಡುಕ ತಂದ ಹಾಗೆ. ಹಳೇ ರಸ್ತೆಯಲ್ಲಿ ಅದು ನಡೆಯಿತು. ಕೋಲಾರದ ಟೊಮೆಟೊ ಆಗಲಿ, ನಮ್ಮೂರ ಕಲ್ಲಾಗಲಿ, ಹೊಸ ರಸ್ತೆಗೆ ಬಿಡುವುದಾದರೆ ಮುಂದಿನ ಜೋಡಿಗಾದರೂ ಯಂತ್ರದಲ್ಲಿ ಒಂದು ಸಲ ಬ್ಯಾಲೆನ್ಸ್ ಮಾಡಿಸಿ. ಆ ಜೋಡಿಗೆ ರೀಬಟನ್ ಟೈರು ಹಾಕಬೇಡಿ. ಟ್ಯೂಬ್‌ಲೆಸ್ ಇದ್ದು, ಬೇರಿಂಗು, ಅಲೈನ್‌ಮೆಂಟು, ಟೈರಿನ ಕೂರಿಕೆ ಎಲ್ಲ ನೋಡಿ ಆದ ಮೇಲೂ ಸ್ವಲ್ಪ ನಡುಕ ಉಳಿದರೆ ಮಣಿ ತನ್ನಿ, ನಾನೇ ಹಾಕಿಕೊಡುತ್ತೇನೆ, ಗೊಣಗುವುದಿಲ್ಲ.

ವಿಗ್ರಹ ಕಳಿಸುವ ನಮ್ಮೂರಿನವರಿಗೂ ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಒಂದು ಗುಂಡಿಗೆ ಹಾರಿ ಬಿದ್ದರೆ ಹುಲ್ಲು ತಡೆಯುತ್ತದೆ. ಸೆಕೆಂಡಿಗೆ ಏಳು ಸಲದಂತೆ ಗಂಟೆಗಟ್ಟಲೆ ಬರುವ ಸಣ್ಣ ನಡುಕಕ್ಕೆ ಬಿಗಿಯಾಗಿ ಬಡಿದ ಮರದ ಬೆಣೆಯೂ ಮೆಲ್ಲಗೆ ಹಿಂದೆ ಸರಿಯುತ್ತದೆ, ಹಗ್ಗ ಸಡಿಲವಾಗುತ್ತದೆ. ಪ್ರಭಾವಳಿಯ ಅಂಚು, ಬಿಡಿಸಿದ ಬೆರಳು ಇವು ಮರಕ್ಕೆ ತಾಕುವುದು ಆಗ. ಲಾರಿ ಮೊದಲ ಟೀಗೆ ನಿಂತಾಗ ಹಗ್ಗ ಇನ್ನೊಂದು ಸಲ ಬಿಗಿಯಿರಿ ಅಂತ ಡ್ರೈವರಿಗೆ ಹೇಳಿ ಕಳಿಸಿ.

ಅವತ್ತು ಸಂಜೆ ವಿಗ್ರಹ ಏರಿಸಿಕೊಂಡು ಹೊರಟ ಡ್ರೈವರ್, ಬೇತಮಂಗಲದ ಹತ್ತಿರ ಇಳಿದು ಫೋನ್ ಮಾಡಿದ.

“75ರ ತನಕ ಏನೂ ಇಲ್ಲಣ್ಣ. 80ಕ್ಕೆ ಒಂಚೂರು ಐತೆ.”

“75ರಲ್ಲೇ ಹೋಗು. ಹಗ್ಗ ನೋಡ್ದಾ?”

“ನೋಡ್ತಾ ಅವ್ನೆ ಹುಡುಗ. ಆ ಮಣಿ ಪೊಟ್ಣ ಏನ್ ಮಾಡ್ಲಿ?”

“ಟ್ಯೂಬ್‌ಲೆಸ್ ಹಾಕಿಸಿದ ದಿನ ತಗೊಂಡು ಬಾ. ಅಲ್ಲಿಗಂಟ ನೀರು ತಾಕದ ಕಡೆ ಇಟ್ಕೊ.”

ಇತಿ,
ಶಿವಾರಪಟ್ಟಣದ ನಿಮ್ಮ ಟೈರ್ ಅಂಗಡಿಯವ

ಮರೆತಿದ್ದೆ: ಬರುವವರು ಲೋಡ್ ಹಾಕುವ ಮೊದಲು ಬನ್ನಿ. ಆರಡಿ ಆಂಜನೇಯನನ್ನು ಹೊತ್ತ ಗಾಡಿಗೆ ಜಾಕ್ ಕೊಡಲು ನನ್ನ ಸೊಂಟ ಈಗ ಒಪ್ಪುವುದಿಲ್ಲ.